ನಲವತ್ತು ಸೆಕೆಂಡು

ಅಕ್ಕ ಹೊರಟದ್ದು ಶನಿವಾರ ಮಟಮಟ ಮಧ್ಯಾಹ್ನ.
ನಾಳೆ ಇದೇ ಹೊತ್ತಿನ ತನಕ
ಗುಡ್ಡ ಅವಳದು, ಟಾರ್ಪಾಲು ನನ್ನದು.

ಸುತ್ತಿಗೆ ಹದಿನಾಲ್ಕು ಕಿಲೋಮೀಟರು.
ಸ್ಪ್ರೂಸ್ ಕಾಡು, ಬೇರಿನ ಮೆಟ್ಟಿಲು, ಮೊಣಕಾಲುದ್ದ ತೊರೆ,
ಆಮೇಲೆ ಹಳೇ ಗಣಿಯ ಇಳಿಜಾರು:
ನಮ್ಮ ತಾತ ಸೀಳಿ ಬಿಸಾಕಿದ ಸ್ಲೇಟಿನ ಚೂರು
ಎಪ್ಪತ್ತು ವರ್ಷ ವೇಲ್ಸಿನ ಮಳೆ ಕುಡಿಯುತ್ತಾ ಮಲಗಿ
ಈಗ ಮೊಮ್ಮಗಳ ಟೈರಿಗೆ ಹಲ್ಲು ಮಸೆಯುತ್ತಿದೆ.

ಹ್ಯಾಂಡಲಿನ ನಂಬರಿನ ಕೆಳಗೆ "ಒಂಟಿ ಸವಾರಿ" ಅಂತ ಅಚ್ಚಾಗಿದೆ.
ಅಂದರೆ ನಾನು ಲೆಕ್ಕಕ್ಕಿಲ್ಲ.
ನನ್ನ ಹತ್ತಿರ ಇರುವುದು
ಉಪ್ಪು ಹಾಕಿ ಬೇಯಿಸಿದ ಆಲೂಗಡ್ಡೆ, ಅಕ್ಕಿ ಪಾಯಸದ ಡಬ್ಬಿ,
ಮೂರು ಬ್ಯಾಟರಿ, ಚೈನಿಗೆ ಎಣ್ಣೆ,
ಕೂಸುಗಳ ಅಂಡಿಗೆ ಹಚ್ಚುವ ಮುಲಾಮು, ಯಾಕೆಂದು ಕೇಳಬೇಡಿ,
ಮತ್ತೆ ಅಡಿಗೆಮನೆಯಿಂದ ಎತ್ತಿಕೊಂಡು ಬಂದ
ಕೋಳಿ ಆಕಾರದ ಟೈಮರು.
ಕೋಳಿ ಕಿರುಚಿದರೆ ಅಕ್ಕ ಬರುವ ಹೊತ್ತು.

ಬಂದರೆ ನನಗೆ ಸಿಗುವುದು ನಲವತ್ತು ಸೆಕೆಂಡು.
ಐವತ್ತೊಂದು ವರ್ಷದ ಎಲೀನೆಡ್, ಶಾಲೆ ಬಸ್ಸಿನ ಡ್ರೈವರು,
ಬಾಯಿ ತೆರೆದರೆ ಮುಂದಿನ ನಿಲ್ದಾಣದ ತನಕ ಮುಚ್ಚದವಳು,
ಇಲ್ಲಿ ಒಂದೊಂದೇ ಮಾತು ಉದುರಿಸಿ ಹೋಗುತ್ತಾಳೆ.
ಮೂರನೇ ಸುತ್ತಿಗೆ, "ಬಿಸಿಲು."
ಆರನೆಯದಕ್ಕೆ, "ಬೆನ್ನು."
ಎಂಟನೆಯದಕ್ಕೆ ಏನೂ ಇಲ್ಲ,
ಬಿಸಿ ಆಲೂಗಡ್ಡೆಯನ್ನು ಕೆನ್ನೆಗೊತ್ತಿಕೊಂಡು ಹೊರಟೇಬಿಟ್ಟಳು.

ಪಕ್ಕದ ಡೇರೆಯದು ನಾಲ್ವರ ತಂಡ.
ಒಬ್ಬ ತುಳಿಯುತ್ತಾನೆ, ಮೂವರು ಗೊರಕೆ.
ಅವರ ಬೇಕನ್ನಿನ ವಾಸನೆಗೆ ನನ್ನ ಹೊಟ್ಟೆ ತಾಳ ಹಾಕುತ್ತದೆ.

ರಾತ್ರಿ ಎರಡಕ್ಕೆ ಮಂಜು ಇಳಿಯಿತು.
ಗುಡ್ಡದ ಮೇಲೆ ದೀಪದ ಚುಕ್ಕಿಗಳು, ಯಾವುದು ಅವಳದೋ.
ಬಂದವಳು ನನ್ನ ಮುಖ ನೋಡಲಿಲ್ಲ.
"ಗೆಥಿನ್, ತೊರೆಯ ಹತ್ತಿರ ನನ್ನ ಬಸ್ಸು ನಿಂತಿದೆ.
ಬಾಗಿಲು ತೆಗೆದೇ ಇದೆ. ಮಕ್ಕಳು ಹತ್ತುತ್ತಾ ಇಲ್ಲ."
ಬ್ಯಾಟರಿ ಬದಲಿಸುತ್ತಾ ಹೇಳಿದೆ,
"ಇವತ್ತು ಭಾನುವಾರ ಕಣೇ. ಅವರಿಗೆ ರಜ."
"ಓ," ಅಂದಳು, ಎದೆಯ ಭಾರ ಇಳಿದ ಹಾಗೆ.
ಹೋದಳು.

ನಾಲ್ಕು ಇಪ್ಪತ್ತಕ್ಕೆ, ಅಕ್ಕ ಹೋಗಿ ಆರು ನಿಮಿಷಕ್ಕೆ, ಡಾನೂಟಾ.
ಕೋಳಿ ಕಾರ್ಖಾನೆಯ ರಾತ್ರಿಪಾಳಿಯಲ್ಲಿ ದುಡಿಯುವ ಪೋಲೆಂಡಿನವಳು.
ಅವಳಿಗೆ ಟಾರ್ಪಾಲಿಲ್ಲ, ತಮ್ಮನಿಲ್ಲ,
ಬೋರಲು ಹಾಕಿದ ಒಂದು ಕ್ರೇಟು,
ಅದರ ಮೇಲೆ ಸಾಲಾಗಿ ಏಳು ಬಾಟಲಿ.
ಬ್ರೇಕು ಸವೆದು ಕಬ್ಬಿಣ ಕಬ್ಬಿಣವನ್ನು ಕಡಿಯುತ್ತಿತ್ತು.
ಮರಗಟ್ಟಿದ ಬೆರಳಿಗೆ ಪಿನ್ನು ನಿಲ್ಲದು.
ಮೂರು ಸಲ ಕೆಸರಿಗೆ ಬಿತ್ತು, ಮೂರು ಸಲ ತಡಕಿದಳು.
ನಾನು ನೋಡುತ್ತಲೇ ಕೂತಿದ್ದೆ, ಅದನ್ನೂ ಹೇಳಬೇಕು.
ನಾಲ್ಕನೇ ಸಲಕ್ಕೆ ಎದ್ದೆ.

ಬೆಳಗಾಯಿತು. ಕುರಿಗಳು ದಾರಿಗೆ ಅಡ್ಡ ಬಂದವು, ಹೋದವು.
ಹದಿನಾರು ಸುತ್ತು ಇಬ್ಬರದೂ.
ಡಾನೂಟಾ ಗೆರೆ ದಾಟಿದ್ದು ನಾಲ್ಕು ನಿಮಿಷ ಮೊದಲು.

ಅಕ್ಕ ಹುಲ್ಲಿನ ಮೇಲೆ ಅಂಗಾತ ಬಿದ್ದಳು.
ತಲೆ ಹೊರಳಿಸಿದರೆ, ಪಕ್ಕದಲ್ಲೇ ಆ ಇನ್ನೊಬ್ಬಳ ಸೈಕಲ್ಲು.
ಮುಂದಿನ ಚಕ್ರವನ್ನು ತುಂಬಾ ಹೊತ್ತು ನೋಡಿದಳು.
"ಪಿನ್ನು ಎಡಕ್ಕೆ ಮಡಚುವವನು
ಈ ಜಿಲ್ಲೆಗೇ ಒಬ್ಬ."
ಎಡಗೈಯನ್ನು ಜೇಬಿಗೆ ಹಾಕಿಕೊಂಡೆ.
"ಪಾಯಸವನ್ನೂ ಕೊಟ್ಟೆಯಾ?"
"ಅರ್ಧ ಡಬ್ಬಿ."
ಅವಳು ಸುಮ್ಮನಿದ್ದಳು.
ನಲವತ್ತು ಸೆಕೆಂಡು ಆಯಿತು. ಅದರ ಮೇಲೂ ಆಯಿತು.

ಮನೆಯ ದಾರಿಯಲ್ಲಿ, ವ್ಯಾನಿನ ಹಿಂದೆ ಎಲ್ಲೋ,
ಕೀಲಿ ಕೊಟ್ಟು ಮರೆತಿದ್ದ ಕೋಳಿ ಕಿರುಚಿತು.
ಬಾಯಿ ತೆರೆದು ಮಲಗಿದ್ದ ಅಕ್ಕ
ಕಣ್ಣು ಬಿಡದೆ ಕೈ ಚಾಚಿದಳು.
ಒಂದು ಆಲೂಗಡ್ಡೆ ಉಳಿದಿತ್ತು, ತಣ್ಣಗೆ.
ಇಟ್ಟೆ.