ನಾನೂರೈವತ್ತು ವಾಟ್

ಇಪ್ಪತ್ತೆರಡು ವರ್ಷ ಟಾರಾಂಟೊದ ಮೆಟ್ಟಿಲು ಸವೆಸಿದವನು ನಾನು,
ಕತಾಲ್ದೊ, ಮೀಟರು ಓದುವವನು.
ಟಾರ್ಚು, ಲೆಕ್ಕದ ಪುಸ್ತಕ, ಕಿವಿಗೆ ಸಿಕ್ಕಿಸಿದ ಪೆನ್ಸಿಲು.
ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವುದು ಬರೀ ಬೊಗಳುತ್ತದೆ,
ಯಾವ ಬಾಗಿಲ ಹಿಂದೆ ಉಸಿರು ಬಿಗಿಹಿಡಿದು
ಮನೆಮಂದಿಯೆಲ್ಲ ನಿಂತಿದ್ದಾರೆ, ಗೊತ್ತಾಗುತ್ತಿತ್ತು.
ಕರೆಂಟು ಕಡಿಯುವ ಚೀಟಿ ಜೇಬಿನಲ್ಲಿದ್ದ ದಿನವೂ
ಕಾಫಿ ಕೊಡುತ್ತಿದ್ದರು. ಕುಡಿಯುತ್ತಿದ್ದೆ.
ಕುಡಿದ ಮೇಲೆ ಕಡಿಯುವುದು ಹೇಗೆ?
‘ಮನೆಯಲ್ಲಿ ಯಾರೂ ಇರಲಿಲ್ಲ’ ಎಂದು ಬರೆದು ಇಳಿದುಬಿಡುತ್ತಿದ್ದೆ.
ಹಾಗೆ ನಾಲ್ಕು ಸಲ ಬರೆದ ನೆನಪು. ಐದಿರಬಹುದು.
ಮಿಕ್ಕವರದು ಕಡಿದೆ. ಅದನ್ನೂ ಹೇಳಬೇಕು.

ಆಮೇಲೆ ಬಂತು ಬಿಳಿ ಡಬ್ಬಿ.
ಗೋಡೆಗೆ ಕಚ್ಚಿ ಕೂತು, ಕೆಂಪು ಕಣ್ಣು ಮಿಟುಕಿಸುತ್ತ
ಮನೆಮನೆಯ ಲೆಕ್ಕವನ್ನು ತಾನೇ ಒಪ್ಪಿಸತೊಡಗಿತು
ಯಾವುದೋ ಊರಿನ ಯಾವುದೋ ಕೋಣೆಗೆ.
ನನಗೊಂದು ಕೈಗಡಿಯಾರ ಕಟ್ಟಿ ಮನೆಗೆ ಕಳಿಸಿದರು.

ಕೆಳಮಹಡಿಯ ಅದ್ದೊಲೊರಾತಾ
ಅಡುಗೆಮನೆಯಲ್ಲೇ ಕನ್ನಡಿ ತೂಗುಹಾಕಿ
ನೆರೆಹೊರೆಯ ತಲೆಗೂದಲಿನಲ್ಲಿ ಹೊಟ್ಟೆ ಹೊರೆಯುವವಳು.
ಮೂರು ಬಿಲ್ಲು ಬಾಕಿ.
ಗುರುವಾರ ಹನ್ನೊಂದು ಗಂಟೆಗೆ, ಒಬ್ಬಾಕೆಯ ತಲೆ
ಬಲಗಡೆ ಒಣಗಿ ಎಡಗಡೆ ಒದ್ದೆಯಿದ್ದಾಗ
ಡ್ರೈಯರು ಸತ್ತಿತು.
ಯಾರೂ ಮೆಟ್ಟಿಲು ಹತ್ತಲಿಲ್ಲ.
ಒಂದು ನಾಯಿಯೂ ಬೊಗಳಲಿಲ್ಲ.

ಈಗ ಪೂರ್ತಿ ಕಡಿಯುವುದಿಲ್ಲ ಮೊದಲೇಟಿಗೆ. ನಯನಾಜೂಕಿನ ಕಾಲ.
ಮೂರು ಸಾವಿರ ವಾಟಿನಲ್ಲಿ ನೂರಕ್ಕೆ ಹದಿನೈದು ಬಿಡುತ್ತಾರೆ,
ಜ್ವರದವರಿಗೆ ಗಂಜಿತಿಳಿ ಬಿಟ್ಟ ಹಾಗೆ.
ಹಾಳೆ ತೆಗೆದು ಬರೆದುಕೊಟ್ಟೆ:
ಫ್ರಿಜ್ಜು ಇರಲಿ. ಎರಡು ಬಲ್ಬು. ಫೋನು. ಟೀವಿ ಬೇಕಾದರೆ ಟೀವಿ.
ಇಸ್ತ್ರಿ ಇಲ್ಲ. ಬಿಸಿನೀರಿಲ್ಲ.
ಡ್ರೈಯರು ಸಾವಿರದೆಂಟುನೂರು, ಅದರ ಹೆಸರೆತ್ತಬೇಡ.
ಅವಳು ಹಾಳೆಯನ್ನು ಮಡಿಸಿ ಬಾಚಣಿಗೆಯ ಕೆಳಗಿಟ್ಟಳು.
‘ನಾಳೆ ಸಂಜೆ ಏಳು ತಲೆ’ ಎಂದಳು. ‘ಮದುವೆ.’

ಶುಕ್ರವಾರ ಸಂಜೆ ನನ್ನ ಕಿಟಕಿಯ ಮುಂದೆ
ಮೇಲಿಂದ ಇಳಿದು ಬಂತು ಹಗ್ಗದ ಬುಟ್ಟಿ,
ದಿನಾ ರೊಟ್ಟಿ, ಈರುಳ್ಳಿ ಎಳೆದುಕೊಳ್ಳುವ ಬುಟ್ಟಿ.
ಮುದುಕಿ ಪಲ್ಮಿಸಾನೊ ಮಂಡಿ ನೋವಿನವಳು,
ಕೆಳಗಿಳಿಯದೆ ಎರಡು ವರ್ಷ.
ಬುಟ್ಟಿಯೊಳಗೆ ಹಾವಿನಂತೆ ಸುತ್ತಿಕೊಂಡ ಉದ್ದದ ವೈರು,
ಬಾಲ್ಕನಿಯ ಕೆಂಪು ಕಬ್ಬಿಣದ ಧೂಳು ಮೆತ್ತಿದ್ದು.

ತಪ್ಪೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?
ಕೈಚಾಚಿ ಬುಟ್ಟಿ ತಡೆದೆ.
ವೈರಿನ ದಪ್ಪ ನೋಡಿದೆ. ಪರವಾಗಿಲ್ಲ.
‘ಸುರುಳಿ ಪೂರ್ತಿ ಬಿಚ್ಚು’ ಎಂದು ಕೆಳಗೆ ಕೂಗಿದೆ,
‘ಸುತ್ತಿದ ವೈರು ಕಾಯುತ್ತದೆ!’
‘ಓವನ್ ಆರಿಸು’ ಎಂದು ಮೇಲೆ ಕೂಗಿದೆ.
ಆರಿಸುವುದಿಲ್ಲವೆಂದಳು, ಬದನೆಕಾಯಿ ಇದೆಯಂತೆ.
ಹತ್ತು ನಿಮಿಷ ಇಡೀ ಕಟ್ಟಡ ಆ ಬದನೆಕಾಯಿಗೆ ಕಾಯಿತು.

ಆಮೇಲೆ ಕೆಳಗಿಂದ ಶುರುವಾಯಿತು ಡ್ರೈಯರಿನ ಮೊರೆತ.
ಮದುಮಗಳ ತಾಯಿ, ಚಿಕ್ಕಮ್ಮಂದಿರು, ಕೊನೆಗೆ ಮದುಮಗಳು.
ನಾಲ್ಕನೆಯ ಮಹಡಿಯ ಡಬ್ಬಿ
ಕಣ್ಣಿಗೆ ಕಸ ಬಿದ್ದವರ ಹಾಗೆ ಮಿಟುಕಿಸಿಯೇ ಮಿಟುಕಿಸಿತು.
ಯಾವುದೋ ಊರಿನ ಯಾವುದೋ ಕೋಣೆಯಲ್ಲಿ
ಒಂದು ಗೆರೆ ನೆಟ್ಟಗೆ ಮೇಲೆದ್ದಿರಬೇಕು.
ಯಾರಾದರೂ ನೋಡಿದರೇ? ತಲೆ ಕೆರೆದುಕೊಂಡರೇ,
ಎಂಬತ್ತಮೂರರ ಈ ಮುದುಕಿ
ರಾತ್ರಿಯೆಲ್ಲ ಮಾಡುವುದಾದರೂ ಏನು ಎಂದು?
ನೋಡಲಿ ಎಂದು ಆಸೆ ನನಗೆ.
ಮನುಷ್ಯರು ನೋಡುವುದಿಲ್ಲ ಎಂದೂ ಗೊತ್ತು.

ಹನ್ನೊಂದಕ್ಕೆ ಟಾರ್ಚು ಹಿಡಿದು ಮೇಲೆ ಹತ್ತಿದೆ,
ಪೆನ್ಸಿಲು ಕಿವಿಯಲ್ಲಿ.
ಸಂಜೆ ಬರೆದಿಟ್ಟ ಅಂಕಿ ಕಳೆದೆ:
ನಾಲ್ಕು ಯೂನಿಟ್ಟು, ಮೇಲೆ ಚಿಲ್ಲರೆ.
ಒಂದು ಯೂರೊ ಮೂವತ್ತು.
ಏಳು ಜನ ಹಂಚಿಕೊಂಡು ಬುಟ್ಟಿಗೆ ಹಾಕಿದರು.
ಪಲ್ಮಿಸಾನೊ ಎರಡೆರಡು ಸಲ ಎಣಿಸಿದಳು,
ಸ್ವಲ್ಪ ಹೆಚ್ಚಿದೆ ಎಂದು ಗೊಣಗಿದಳು,
ಆ ಹೊತ್ತಿನಲ್ಲಿ ನನಗೆ ಕಾಫಿಗಿಟ್ಟಳು.
ಕುಡಿದೆ.