ತಪ್ಪಿದ ಸಾಲು

ಐದನೆಯವಳು ಸಿಕ್ಕ ವಾರ, ಸಿಲೇಸಿಯಾದ ಗಣಿಯೂರು ಬಿಟೊಮ್‌ನಲ್ಲಿ,
ಪೊಲೀಸ್ ಕಚೇರಿಯ ಮೇಲಂತಸ್ತಿನಲ್ಲಿ ಕೂತು
ಅವನನ್ನು ಬರೆದೆ. ಮೂರು ಕಾರ್ಬನ್ ಪ್ರತಿ.
ವಯಸ್ಸು ಮೂವತ್ತೈದರಿಂದ ನಲವತ್ತೈದು. ಎಡಗೈ.
ರಾತ್ರಿ ಪಾಳಿ. ಟ್ರಾಮ್ ಹಳಿಗುಂಟ ಊರು ಬಲ್ಲವನು.
ಮಾತು ಕಡಿಮೆ, ಬೂಟು ಮಾತ್ರ ಹೊಳೆವಂತೆ ಉಜ್ಜುವವನು.
ಕೊಂದವಳ ಕೋಟಿನಿಂದ ಒಂದು ಗುಂಡಿ ಕತ್ತರಿಸಿ ಒಯ್ಯುತ್ತಾನೆ,
ಯಾರಿಗೂ ತೋರದೆ ಬೀಗದೊಳಗೆ ಇಡುತ್ತಾನೆ.
ಒಂಟಿಯಾಗಿ ವಾಸ.

ಕಿಟಕಿಯಾಚೆ ಹಿಮ, ನೆಲ ಮುಟ್ಟುವ ಮೊದಲೇ ಕಪ್ಪು.
ಲೋಟದಲ್ಲಿ ಚಹಾ ಆರಿತ್ತು.
ಕಾಣದವನ ಬಗ್ಗೆ ಅಷ್ಟು ಖಚಿತವಾಗಿ ಬರೆಯುವಾಗ
ಒಂದು ಬಗೆಯ ಸುಖವಿತ್ತು, ಸುಳ್ಳೇಕೆ ಹೇಳಲಿ:
ಅಳತೆ ಕೊಡದೆ ಹೋದ ಗಿರಾಕಿಗೆ
ಮೈಗೊಪ್ಪುವ ಅಂಗಿ ಹೊಲಿದ ದರ್ಜಿಯ ಸುಖ.

ಸಿಕ್ಕಿದ. ನಲವತ್ತೊಂದು. ಎಡಗೈ. ಟ್ರಾಮ್ ಡಿಪೋದ ರಾತ್ರಿ ಫಿಟ್ಟರ್.
ಮೇಲಧಿಕಾರಿ ಕೈ ಕುಲುಕಿ, ನಗುತ್ತಲೇ
ಕೊನೆಯ ಸಾಲಿನ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಎಳೆದ:
"ಇದೊಂದು ತಪ್ಪಿತು, ಡಾಕ್ಟರ್ ಸ್ರೋಕಾ. ಹೆಂಡತಿ ಇದ್ದಾಳೆ.
ಹದಿನೇಳು ವರ್ಷದಿಂದ."

ಮರುವರ್ಷ ಮಾರ್ಚಿಯಲ್ಲಿ ಅವಳೇ ಬಂದಳು, ಒತಿಲಿಯಾ.
ಚೀಲದಲ್ಲಿ ಆಲೂಗಡ್ಡೆ. ಕುರ್ಚಿ ಎಳೆದರೂ ಕೂರಲಿಲ್ಲ.
ಬೂದು ಕೋಟಿನ ಮುಂದೆ ಐದು ಕಡೆ
ಬರೀ ದಾರದ ತುಣುಕು.
ಒಂದೊಂದೂ ಒಂದೊಂದು ಬಣ್ಣದ್ದು, ಅಂದಳು.
ನಿಮ್ಮವರು ಸಾಕ್ಷಿಗೆಂದು ಕತ್ತರಿಸಿ ಒಯ್ದರು.
ಡಿಪೋದಲ್ಲಿ ಬಿದ್ದಿತ್ತು ಅಂತ ತಂದುಕೊಡುತ್ತಿದ್ದ.
ಮದುವೆಯಾದ ಮೇಲೆ ನನಗೆಂದು ತಂದದ್ದು ಅಷ್ಟೇ.
ಹೊಲಿದುಕೊಂಡೆ. ಚರ್ಚಿಗೆ ಹಾಕಿಕೊಂಡು ಹೋದೆ.
ಬೆಂಚಿನ ತುದಿಗೆ ಕೂತು ನನ್ನ ಎದೆಯನ್ನೇ ನೋಡುತ್ತಿದ್ದ.
ಈ ಗಂಡಸಿಗೂ ಒಂದು ದಿನ ಪ್ರೀತಿ ಬಂತಲ್ಲ, ಅಂದುಕೊಂಡೆ.

ನಾನು ಏನು ಹೇಳಲಿ.
ಬೀಗದೊಳಗೆ ಎಂದು ಬರೆದವಳು.

ಬಾಗಿಲ ಬಳಿ ನಿಂತು, ಚೀಲದ ಕೈ ಬದಲಿಸಿ,
"ಒಂಟಿಯಾಗಿ ವಾಸ ಅಂತ ಬರೆದಿದ್ದಿರಿ.
ಕೋರ್ಟಿನಲ್ಲಿ ಓದಿದಾಗ ಎಲ್ಲರೂ ನನ್ನ ಕಡೆ ತಿರುಗಿದರು.
ಅದನ್ನು ಹೊಡೆದುಹಾಕಬೇಡಿ," ಅಂದಳು.
"ಆ ಮನೆಯಲ್ಲೇ ಇದ್ದವಳು ನಾನು. ನನಗೆ ಗೊತ್ತು."

ಹೊರಗೆ ಗಾಳಿ. ಕೋಟಿನ ಎರಡೂ ಅಂಚು
ಒಂದೇ ಮುಷ್ಟಿಯಲ್ಲಿ ಹಿಡಿದು ಇಳಿದಳು.
ನನ್ನ ಮೇಜಿನ ಖಾನೆಯಲ್ಲಿ ಗುಂಡಿಗಳಿದ್ದವು,
ಕಪ್ಪು, ಒಂದೇ ಅಳತೆಯವು, ಆರು.
ಕರೆಯಬಹುದಿತ್ತು.
ಸಪ್ಪಳ ಮುಗಿಯುವವರೆಗೂ ಮೆಟ್ಟಿಲು ಎಣಿಸುತ್ತ ಕೂತೆ.