ತಲಾ ಎಷ್ಟು ಗ್ರಾಂ

ಪಣಂಬೂರಿನ ಧಕ್ಕೆಗೆ ತಾಗಿ ನಿಂತ ಹಡಗಿನ ಹೊಟ್ಟೆಗೆ
ಹಗ್ಗ ಕಟ್ಟಿದ ಬಾಟಲಿ ಇಳಿಸುವುದು ನನ್ನ ಕೆಲಸ.
ಮೇಲಿನದೊಂದು, ನಡುವಿನದೊಂದು, ತಳದ್ದೊಂದು.
ಮೂರು ಬಾಟಲಿ, ಮೂರು ಚೀಟಿ, ಅರಗಿನ ಸೀಲು.
ಹದಿನೆಂಟು ವರ್ಷ. ಎಷ್ಟು ಸಾವಿರ ಟನ್ನು
ಸೂರ್ಯಕಾಂತಿ ಎಣ್ಣೆ ಈ ಕೈ ಮುಟ್ಟಿದೆಯೋ,
ಅದರ ಬೀಜ ಒಂದನ್ನೂ ನಾನು ಕಚ್ಚಿದವನಲ್ಲ.

ಡೆಕ್ಕಿನಲ್ಲಿ ಪಂಪು ಕಾಯುವ ಮಿಹಾಯ್, ರೊಮೇನಿಯದವನು,
ಕಿಸೆಯಿಂದ ಒಂದೊಂದೇ ತೆಗೆದು ಬಾಯಿಗೆಸೆಯುತ್ತಾನೆ.
ಕಟಕ್.
ಒಳಗೆ ನಾಲಗೆ ಏನೋ ಮಾಡುತ್ತದೆ,
ತಿರುಳು ಅಲ್ಲೇ ಉಳಿದು ಸಿಪ್ಪೆ ಮಾತ್ರ ತುಟಿಗೆ ಬರುತ್ತದೆ.
ಕೈ ಬೇಡ, ಕಣ್ಣು ಬೇಡ, ಆಡುತ್ತಿರುವ ಮಾತು ನಿಲ್ಲಿಸುವುದೂ ಬೇಡ.
ಬಂಗುಡೆಯ ಮುಳ್ಳನ್ನು ಹೀಗೇ ಬಿಡಿಸುವ ಬಾಯಿಗಳು
ನಮ್ಮ ಬೆಂಗ್ರೆಯಲ್ಲಿವೆ ಮಾರಾಯ, ಎಂದೆ.
ಇಂಗ್ಲಿಷು ಅವನಿಗೆ ಅರ್ಧ, ನನಗೆ ಇನ್ನರ್ಧ.

ರೈಲಿನಲ್ಲಿ ತಿನ್ನುತ್ತೇವೆ, ಎಂದ. ಫುಟ್‌ಬಾಲ್ ನೋಡುತ್ತ,
ಸಾವಿನ ಮನೆಯ ಅಂಗಳದಲ್ಲಿ, ಪೊಲೀಸು ಠಾಣೆಯ ಮೆಟ್ಟಿಲಲ್ಲಿ.
ಅಜ್ಜಿ ಬೆಂಚಿನಿಂದ ಎದ್ದು ಹೋದರೆ
ಅವಳ ಪಾದ ಇದ್ದಲ್ಲಿ ಮಾತ್ರ ನೆಲ ಕಾಣುತ್ತಿತ್ತು.
ತುಟಿ ಎತ್ತಿ ಮುಂದಿನ ಹಲ್ಲು ತೋರಿಸಿದ:
ಸಣ್ಣದೊಂದು ಕಚ್ಚು, ಬೀಜ ಕೂರುವಷ್ಟೇ.
ಇದು ನಮ್ಮೂರಿನ ಸೀಲು.
ನಿಮ್ಮಲ್ಲಿ?

ನಮ್ಮಲ್ಲಿ?
ನಮ್ಮಲ್ಲಿ ಅದು ಮೂಲೆ ಕತ್ತರಿಸಿದ ಲೀಟರ್ ಪ್ಯಾಕೆಟ್ಟು.
ಕುಳಾಯಿಯ ಹೋಟೆಲಿನ ಬಾಣಲೆಯಲ್ಲಿ ಗೋಳಿಬಜೆ ಉಬ್ಬಿಸುವುದು.
ಟಿವಿಯೊಳಗಿಂದ ಹೃದಯದ ಚಿತ್ರ ಹಿಡಿದುಕೊಂಡು ಬಂದು
ಅಮ್ಮನ ತೆಂಗಿನೆಣ್ಣೆಯನ್ನು ಒಲೆಯ ಬಳಿಯಿಂದೆಬ್ಬಿಸಿ
ತಲೆಗೆ ಮಾತ್ರ ಎಂದು ಬಚ್ಚಲಿಗೆ ಕಳಿಸಿದ್ದು.
ಬೀಜ ಅಂದರೆ ನಮಗೆ ಗೇರುಬೀಜ. ಬಿಟ್ಟರೆ
ಉಪ್ಪಲ್ಲಿ ಬೇಯಿಸಿ ಒಣಗಿಸಿದ ಹಲಸಿನ ಸಾಂತಾಣಿ,
ಅದೂ ದವಡೆ ಗಟ್ಟಿ ಇದ್ದವರಿಗೆ.
ಈ ಪಟ್ಟೆಪಟ್ಟೆಯದ್ದು ಹಂಪನಕಟ್ಟೆಯ ಅಂಗಡಿಯಲ್ಲಿ
ಗಿಳಿಯ ತಿನಿಸು ಎಂದು ಬರೆದ ಪೊಟ್ಟಣ.
ಇಷ್ಟನ್ನು ಅರ್ಧ ಇಂಗ್ಲಿಷಿನಲ್ಲಿ ಹೇಗೆ ಹೇಳುವುದು?
ಗಿಳಿ, ಎಂದೆ. ಅವನು ನಕ್ಕು
ನನ್ನ ಅಂಗಿಯ ಜೇಬಿಗೆ ಒಂದು ಮುಷ್ಟಿ ಸುರಿದ.

ಬೈಕಂಪಾಡಿಯ ಲ್ಯಾಬಿನಲ್ಲಿ ಗ್ಲೆನ್ಸಿಟಾ ಮೇಡಂ
ಕೋಷ್ಟಕ ತುಂಬುತ್ತಿದ್ದರು. ಹೆಡ್ಡಾಫೀಸಿಗೆ ಬೇಕಂತೆ.
ಎರಡು ದೇಶ, ಎರಡು ಕಾಲಂ, ಸೂರ್ಯಕಾಂತಿ ಬೀಜ,
ಎಣ್ಣೆಯಾಗಿ ಅಲ್ಲ, ಆಹಾರವಾಗಿ,
ವರ್ಷಕ್ಕೆ ತಲಾ ಎಷ್ಟು ಗ್ರಾಂ.
ಆ ದೇಶದ ಎದುರು ಅಂಕಿ, ದಶಾಂಶ, ಮತ್ತೆ ಅಂಕಿ.
ನಮ್ಮ ದೇಶದ ಎದುರು ಒಂದು ಗೆರೆ.
ಸೊನ್ನೆಯಲ್ವಾ ಮೇಡಂ?
ಸೊನ್ನೆ ಅಂದರೆ ಅಳೆದು ನೋಡಿ ಇಲ್ಲ ಅಂದದ್ದು.
ಗೆರೆ ಅಂದರೆ ಯಾರೂ ಅಳೆಯಲೇ ಇಲ್ಲ.

ತಲಾ.
ಲೆಕ್ಕಕ್ಕೆ ಪಂಕ್ತಿಭೇದವಿಲ್ಲ.
ಹಲ್ಲು ಬಾರದ ಕೂಸಿಗೂ ಜೈಲಿನಲ್ಲಿದ್ದವನಿಗೂ
ಅದೇ ಸೌಟು, ಅಷ್ಟೇ ಗ್ರಾಂ.
ಮಿಹಾಯ್‌ನ ಅಜ್ಜಿ ಹೋಗಿ ನಾಲ್ಕು ವರ್ಷವಂತೆ,
ಆಕೆ ತಿನ್ನುತ್ತಿದ್ದ ಪಾಲು ಈಗ ಯಾರ ಎಲೆಗೆ ಬೀಳುತ್ತದೋ.
ಗೆರೆಯ ಈಚೆ ಇರುವ ನಾವು
ಎಲೆ ಹಾಸಿಕೊಂಡಿದ್ದೇವೆಂದು ಬಡಿಸುವವರಿಗೆ ಗೊತ್ತೂ ಇಲ್ಲ.

ರಾತ್ರಿ ಮನೆಯಲ್ಲಿ ಏಳು ಬೀಜ ಕಚ್ಚಿದೆ.
ಎರಡು ಸಿಪ್ಪೆ ಸಮೇತ ಹೊಟ್ಟೆಗೆ ಹೋದವು,
ಒಂದು ಒಸಡಿಗೆ ಚುಚ್ಚಿತು.
ಮಗಳು ಧನುಷಾ ಅರ್ಧ ಗಂಟೆಯಲ್ಲಿ ಕಲಿತೇಬಿಟ್ಟಳು.
ಅಮ್ಮ ಒಂದನ್ನು ಬೆರಳಲ್ಲಿ ಹೊರಳಿಸಿ,
ಹೂವಿಗಿಂತ ಇದೇ ಚಂದ ಉಂಟು, ಎಂದು ಕಿಟಕಿಯಲ್ಲಿಟ್ಟಳು.

ಮರುದಿನ ಉಳಿದದ್ದನ್ನು ಮೇಡಮಿನ ಮೇಜಿನ ಮೇಲೆ ಸುರಿದು
ಆ ಗೆರೆ ಅಳಿಸಿ, ಎಂದೆ.
ಅವರು ಮಾತಾಡಲಿಲ್ಲ. ಚಿಮಟದಲ್ಲಿ ಒಂದನ್ನು ಎತ್ತಿ
ಗಾಜಿನ ಬಾಗಿಲಿನ ತಕ್ಕಡಿಯೊಳಗಿಟ್ಟರು.
ನಾಲ್ಕನೇ ದಶಾಂಶ ಬಹಳ ಹೊತ್ತು ನಡುಗಿತು,
ಹೊರಗೆ ಟ್ಯಾಂಕರುಗಳು ಹೋಗುತ್ತಿದ್ದವು.
ನಿಂತಿತು.
ಕೋಷ್ಟಕದಲ್ಲಿ ಬರೆಯುತ್ತಾರೆಂದು ಕಾದೆ.
ಬಾಗಿಲು ಸರಿಸಿ, ಬೀಜ ತೆಗೆದು, ಬಾಯಿಗೆ ಹಾಕಿಕೊಂಡರು.
ತಕ್ಕಡಿ ಸೊನ್ನೆ ತೋರಿಸಿತು.

ಕಟಕ್.

ಇದರ ಸಿಪ್ಪೆ ಎಲ್ಲಿ ಉಗಿಯುವುದು, ಮಾರಾಯ್ರೇ?